ಸೋಯಾ ಅವರೆಯ ಅಧಿಕ ಇಳುವರಿಗೆ ಕಾರಣಗಳು: ಮಲೆನಾಡಿನ ರೈತರಿಗೆ ಕೆಲವು ಸೂಚನೆಗಳು

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಬುಡದಲ್ಲಿ ಗದ್ದೆ ತೋಟಗಳನ್ನು ಹೊಂದಿರುವ ರೈತರೊಬ್ಬರು ಈಚೆಗೆ ನನ್ನ ಬಳಿಗೆ ಬಂದು, ತಮ್ಮ ಮಗನ ಮೊಬೈಲಿನಲ್ಲಿ ಕಂಡ ವರ್ತಮಾನವೊಂದನ್ನು ತಿಳಿಸಿದರು. ಅಮೆರಿಕ ದೇಶದಲ್ಲಿ ಒಬ್ಬ ಬೇಸಾಯಗಾರನು ಒಂದು ಎಕರೆಯಲ್ಲಿ 56 ಕ್ವಿಂಟಾಲು ಸೋಯಾ ಅವರೆಯನ್ನು ಬೆಳೆದಿದ್ದಾನಂತೆ. “ಭತ್ತ ಕುಯ್ದ ಮೇಲೆ ನಮ್ಮ ಗದ್ದೆ ಐದು ತಿಂಗಳು ಬರಿದೇ ಬಿದ್ದಿರುತ್ತದೆ, ಸ್ವಾಮಿ. ಅದರಲ್ಲಿ ಕಾಲುಭಾಗ ಬಂದರೂ ನಮಗೆ ಸಾಕು. ಮೂರು ಎಕರೆಗೂ ಬೀಜ ಕೊಡಿಸಿ” ಎಂಬುದು ಅವರ ಕೋರಿಕೆಯಾಗಿದ್ದಿತು. ಇಂತಹ ಕೋರಿಕೆಯು ಅವರೊಬ್ಬರದೇ ಅಲ್ಲವಾದುದರಿಂದ, ಅವರಿಗೆ ಹೇಳಿದ ಸಂಗತಿಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ವರ್ತಮಾನವೇನೋ ಸುಳ್ಳಲ್ಲ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಅಲೆಕ್ಸ್ ಹ್ಯಾರೆಲ್ ಎಂಬವರು 2023ನೆಯ ಇಸವಿಯಲ್ಲಿ ಎಕರೆಗೆ 206 ಬುಷೆಲ್ಲಿಗೂ ಮೀರಿದ ಇಳುವರಿಯನ್ನು ಪಡೆದರು. ಸೋಯಾ ಅವರೆಯ ಒಂದು ಬುಷೆಲ್ ನಮ್ಮ ತೂಕದಲ್ಲಿ 27 ಕಿಲೋಗ್ರಾಮಿಗಿಂತ ತುಸು ಹೆಚ್ಚಾದುದರಿಂದ, ಇದು 56 ಕ್ವಿಂಟಾಲೇ ಆಗುತ್ತದೆ. ಆದರೆ ಅದೇ ದೇಶದ ಸಾಮಾನ್ಯ ರೈತನಿಗೆ ಎಕರೆಗೆ ದೊರೆಯತಕ್ಕದ್ದು 13 ಅಥವಾ 14 ಕ್ವಿಂಟಾಲು ಮಾತ್ರ. ನಮ್ಮ ದೇಶದ ಸರಾಸರಿಯಂತೂ ಎಕರೆಗೆ ಸುಮಾರು 4 ಕ್ವಿಂಟಾಲು. ಮೇಲ್ಕಂಡ ಬೇಸಾಯಗಾರನ ಭೂಮಿಗೆ ಬೇಕಾದಾಗ ನೀರುಂಟು. ಮಣ್ಣನ್ನೂ ಗಿಡದ ಎಲೆಯನ್ನೂ ಪದೇ ಪದೇ ಪರೀಕ್ಷಿಸಿ, ಸಾರವನ್ನು ಕಂತುಕಂತಾಗಿ ಒದಗಿಸುವ ಏರ್ಪಾಡುಂಟು. ಅಲ್ಲಿಯ ಬೇಸಿಗೆಯ ಹಗಲು ನಮ್ಮದಕ್ಕಿಂತ ದೀರ್ಘವಾದುದು. ಆದುದರಿಂದ ಅವನ ಅಂಕಿಯನ್ನು ನಾಲ್ಕರಿಂದ ಭಾಗಿಸಿ ನಮ್ಮ ಆದಾಯವನ್ನು ಅಂದಾಜು ಮಾಡುವುದು ಸರಿಯಾದ ಲೆಕ್ಕವಲ್ಲ. ಅಲ್ಲಿಂದ ಕಲಿಯಬೇಕಾದುದು ಬೇರೆ ಇದೆ.

ಈ ಸಂದರ್ಭದಲ್ಲಿ ದೂರದ ದೇಶಕ್ಕೆ ಹೋಗುವುದಕ್ಕೆ ಮೊದಲು ನಮ್ಮ ದುರ್ಗವನ್ನೇ ನೋಡಬಹುದು. ಕವಲೇದುರ್ಗವು ಕೆಳದಿಯ ಅರಸರ ಭದ್ರಸ್ಥಾನವಾಗಿದ್ದಿತು. ಅವರಲ್ಲಿ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಕಂದಾಯವನ್ನು ನಿಷ್ಕರ್ಷಿಸಬೇಕೆಂದು ಸಂಕಲ್ಪಿಸಿದಾಗ, ಶಾನುಭೋಗರ ಬಾಯಿಮಾತನ್ನಾಗಲಿ ರೈತರ ಗೋಳನ್ನಾಗಲಿ ನೆಚ್ಚಿ ಕೂಡಲಿಲ್ಲ. ಗ್ರಾಮಗಳಲ್ಲಿ ಬಗೆಬಗೆಯ ನೆಲದಿಂದ ಒಂದೊಂದು ತಾಕನ್ನು ಆರಿಸಿ, ಸ್ವಂತ ಲೆಕ್ಕದಲ್ಲಿ ಹಲವು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಹುಟ್ಟುವಳಿಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಬರೆಯಿಸಿ, ಸರಾಸರಿ ತೆಗೆದು, ನೆಲವನ್ನು ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಸರ್ಕಾರಕ್ಕೆಂದು ಗೊತ್ತುಮಾಡಿದನೆಂದು ದಾಖಲೆಗಳಿಂದ ತಿಳಿದುಬರುತ್ತದೆ. ಇದೇ ಪ್ರಸಿದ್ಧವಾದ ಶಿವಪ್ಪನಾಯಕನ ಶಿಸ್ತು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾನಿಲಯಕ್ಕೆ ಇಂದು ಅವನ ಹೆಸರನ್ನೇ ಇಟ್ಟಿರುವುದು ಯುಕ್ತವಾಗಿಯೇ ಇದೆ. ತೆರಿಗೆ ಹಾಕುವುದಕ್ಕೋಸ್ಕರ ಅರಸನು ಕೈಗೊಂಡ ಕ್ರಮವನ್ನು ರೈತನು ತನ್ನ ಲಾಭಕ್ಕೋಸ್ಕರ ಏಕೆ ಕೈಗೊಳ್ಳಬಾರದು?

ಈಗ ಪ್ರಕೃತ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಸೋಯಾ ಅವರೆಯು ಮುಖ್ಯವಾಗಿ ಬೀದರ, ಬೆಳಗಾವಿ, ಧಾರವಾಡ ಮೊದಲಾದ ಬಡಗಣ ಜಿಲ್ಲೆಗಳ ಮುಂಗಾರಿ ಬೆಳೆ. ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರತಕ್ಕದ್ದು. ಇದರ ಕಾಳಿನ ನೂರು ಪಾಲಿನಲ್ಲಿ 40 ಪಾಲು ಸಸಾರಜನಕವೂ 20 ಪಾಲು ಎಣ್ಣೆಯೂ ಇರುವುವು. ಈ ಎರಡು ಅಂಕಿಗಳಿಂದಲೇ ಇದರ ಬೇಸಾಯದ ಮರ್ಮವೆಲ್ಲವೂ ಹೊರಡುತ್ತದೆಂದು ಹೇಳಬಹುದು. ಏಕೆಂದರೆ ಎಣ್ಣೆಯ ಕಾಳು ಬೇಗ ಕೆಡುತ್ತದೆ, ಸಸಾರಜನಕದ ಕಾಳು ಸಾರಜನಕವನ್ನು ವಿಶೇಷವಾಗಿ ಬೇಡುತ್ತದೆ.

ಇಳುವರಿಯೆಂಬುದು ಗಿಡಗಳ ಸಂಖ್ಯೆ, ಗಿಡವೊಂದರ ಕಾಯಿಗಳ ಸಂಖ್ಯೆ, ಕಾಯಿಯೊಳಗಿನ ಕಾಳು, ಕಾಳಿನ ತೂಕ ಇವುಗಳ ಗುಣಲಬ್ಧವೇ ಹೊರತು ಬೇರೇನೂ ಅಲ್ಲ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರು ಬಿಟ್ಟರೆ ಎಕರೆಗೆ ಸುಮಾರು 1 ಲಕ್ಷ 35 ಸಾವಿರ ಗಿಡಗಳಾಗುವುವು. ಅದರಲ್ಲಿ 1 ಲಕ್ಷ 20 ಸಾವಿರ ಗಿಡಗಳು ಕೊಯ್ಲಿನವರೆಗೆ ಉಳಿದು, ಗಿಡಕ್ಕೆ 30 ಕಾಯಿಗಳಂತೆಯೂ, ಹತ್ತು ಕಾಯಿಗೆ 23 ಕಾಳುಗಳಂತೆಯೂ, ನೂರು ಕಾಳಿಗೆ 12 ಗ್ರಾಂ ತೂಕದಂತೆಯೂ ಹಿಡಿದರೆ, ಎಕರೆಗೆ 10 ಕ್ವಿಂಟಾಲಿಗೆ ಸ್ವಲ್ಪ ಕಡಿಮೆ ಬರುತ್ತದೆ. ಗಿಡಕ್ಕೆ ಮೂವತ್ತು ಕಾಯಿ ದೊಡ್ಡ ಸಂಗತಿಯೇನೂ ಅಲ್ಲ. ಹೀಗಿರಲಾಗಿ ಸರಾಸರಿಯು 4 ಕ್ವಿಂಟಾಲಿನಲ್ಲಿ ಏಕೆ ನಿಂತಿದೆ? ಮಳೆಯ ಏರುಪೇರು, ಕೀಟ, ರೋಗ ಇವೆಲ್ಲ ಕಾರಣಗಳೇ ಸರಿ. ಆದರೆ ನನ್ನ ಅನುಭವದಲ್ಲಿ ಅರ್ಧ ನಷ್ಟವು ಬಿತ್ತನೆಯಾದ ಹತ್ತು ದಿನಗಳೊಳಗೆಯೇ ಆಗಿಹೋಗಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಬಡಗಣ ಜಿಲ್ಲೆಯೊಂದರಲ್ಲಿ ಕೆಲಸದಲ್ಲಿದ್ದಾಗ, ಒಂದು ಹಳ್ಳಿಯಲ್ಲಿ ಎರಡು ಎಕರೆಯ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿದೆನು. ಬೀಜದ ಚೀಲಗಳು ಗೋಡೆಗೆ ತಗುಲಿ, ಒಂದರ ಮೇಲೊಂದರಂತೆ ಹನ್ನೆರಡು ವರಿಸೆ ಎತ್ತರಕ್ಕೆ ಪೇರಿಸಲ್ಪಟ್ಟಿದ್ದುವು. ಚೀಲದ ಚೀಟಿಯಲ್ಲಿ ಮೊಳಕೆಯ ಪ್ರಮಾಣವು ಬರೆದಿದ್ದಿತು; ಅದನ್ನು ಓದಿ ತೃಪ್ತನಾದೆನೇ ಹೊರತು ಒಂದು ಹಿಡಿ ಬೀಜವನ್ನು ಮೊಳೆಯಿಸಿ ನೋಡಲಿಲ್ಲ. ಮಳೆ ಬಂದಿತು, ಹದ ಚೆನ್ನಾಗಿದ್ದಿತು, ಕೂರಿಗೆ ಹೂಡಿದೆವು. ಎಂಟನೆಯ ದಿನ ಹೋಗಿ ನೋಡಲು ಮೂರು ಬೀಜಕ್ಕೆ ಒಂದೂ ಎದ್ದಿರಲಿಲ್ಲ. ಆ ಮನೆಯ ಯಜಮಾನಿಯು ಬದುವಿನ ಮೇಲೆ ನಿಂತು, “ಸಾಹೇಬರೆ, ಬೀಜ ಸತ್ತಿತ್ತೋ, ನೆಲ ಸತ್ತಿತ್ತೋ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುಬಿತ್ತನೆಗೆ ಬೀಜ ದೊರೆಯುವಷ್ಟರಲ್ಲಿ ಹೊತ್ತು ಮೀರಿದ್ದಿತು. ಆ ವರ್ಷ ಆ ಎರಡು ಎಕರೆಯಲ್ಲಿ ಬೆಳೆದುದು ದನಗಳ ಮೇವು ಮಾತ್ರ. ತಪ್ಪು ನನ್ನದೇ ಆಗಿದ್ದುದರಿಂದ ಇದನ್ನು ಮುಚ್ಚಿಡದೆ ಬರೆದಿದ್ದೇನೆ.

ಸೋಯಾ ಅವರೆಯ ಸಿಪ್ಪೆಯು ಬಹಳ ತೆಳುವಾದುದು. ಮೊಳಕೆಯ ಬೇರು ಆ ಸಿಪ್ಪೆಗೆ ತಗುಲಿಕೊಂಡೇ ಇರುವುದು. ಆದುದರಿಂದ ಚೀಲವನ್ನು ಲಾರಿಯಿಂದ ಕೆಳಕ್ಕೆ ಎಸೆದರೂ, ಅದರ ಮೇಲೆ ಕುಳಿತರೂ, ಹೆಚ್ಚು ಎತ್ತರಕ್ಕೆ ಪೇರಿಸಿದರೂ ಒಳಗೆ ಪೆಟ್ಟಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಸರ್ಕಾರದ ಪ್ರಮಾಣೀಕರಣದ ನಿಯಮದಲ್ಲಿ ಇತರ ಕೆಲವು ಧಾನ್ಯಗಳಿಗೆ ನೂರಕ್ಕೆ 80ಕ್ಕೂ ಹೆಚ್ಚಿನ ಮೊಳಕೆಯನ್ನು ವಿಧಿಸಿದ್ದರೂ, ಸೋಯಾ ಅವರೆಗೆ 70 ಇದ್ದರೆ ಸಾಕೆಂದಿರುವುದಕ್ಕೆ ಈ ಸೂಕ್ಷ್ಮತೆಯೇ ಕಾರಣ. ಬಿತ್ತನೆಗೆ ಹತ್ತು ದಿನ ಮುಂಚೆ ಪ್ರತಿಯೊಂದು ಚೀಲದಿಂದಲೂ ನೂರು ಕಾಳುಗಳನ್ನು ಎಣಿಸಿ ತೆಗೆದು, ತೇವವಾದ ಮರಳಿನಲ್ಲಿಯೋ ಒದ್ದೆ ಗೋಣಿಯ ಸುರುಳಿಯಲ್ಲಿಯೋ ಇಟ್ಟು ವಾರದೊಳಗೆ ಎಣಿಸತಕ್ಕದ್ದು. ಹೆಸರು ಕಡಲೆಗಳಂತೆ ನೀರಿನಲ್ಲಿ ನೆನೆಹಾಕತಕ್ಕದ್ದಲ್ಲ. ಒಮ್ಮೆಗೇ ನೀರು ಹೀರಿದರೆ ಬೇಳೆಗಳು ಒಡೆದು ಬೀಜ ಸಾಯುತ್ತದೆ. ನೂರಕ್ಕೆ 70 ಮೊಳೆತರೆ ಎಕರೆಗೆ 25 ಕಿಲೋಗ್ರಾಂ ಬೀಜವು ಸರಿಯಾದ ಪ್ರಮಾಣ. ಇದು ಯಾರೋ ವಿಧಿಸಿದ ಅಂಕಿಯಲ್ಲ, ರೈತರೇ ಲೆಕ್ಕ ಹಾಕಬಹುದು: 1 ಲಕ್ಷ 35 ಸಾವಿರ ಕಾಳಿನ ತೂಕ ಸುಮಾರು 16 ಕಿಲೋ, ಹತ್ತರಲ್ಲಿ ಮೂರು ಸಾಯುವುವೆಂದು ಹಿಡಿದರೆ 23 ಕಿಲೋ, ಹಕ್ಕಿ ಹುಳುಗಳ ಪಾಲಿಗೆ ಇನ್ನೆರಡು. ಮೊಳಕೆಯು 60ಕ್ಕೆ ಇಳಿದರೆ ಬೀಜವನ್ನು ಹೆಚ್ಚಿಸಬೇಕು. ಅದಕ್ಕೂ ಕಡಿಮೆಯಾದರೆ ಆ ಚೀಲವನ್ನು ಬಿತ್ತನೆಗೆ ಉಪಯೋಗಿಸತಕ್ಕದ್ದಲ್ಲ.

ಬಿತ್ತುವ ಆಳವು 3ರಿಂದ 4 ಸೆಂಟಿಮೀಟರನ್ನು ಮೀರಬಾರದು. ಈ ಗಿಡವು ತನ್ನ ಎರಡು ಬೇಳೆಗಳನ್ನೂ ಹೊತ್ತುಕೊಂಡು ಮೇಲಕ್ಕೇಳಬೇಕಾಗಿರುವುದರಿಂದ, ಬೀಜ ಆಳಕ್ಕೆ ಬಿದ್ದರೆ ಅಥವಾ ಮೇಲ್ಮಣ್ಣು ಹೆಪ್ಪುಗಟ್ಟಿದರೆ ಕುತ್ತಿಗೆ ಮುರಿದು ಹೋಗುತ್ತದೆ.

ಎರಡನೆಯ ವಿಚಾರವು ಸಾರಜನಕದ್ದು. ಕಾಳಿನ ಸಸಾರಜನಕವನ್ನು ಲೆಕ್ಕ ಹಾಕಿದರೆ, 10 ಕ್ವಿಂಟಾಲು ಕಾಳಿನೊಡನೆ ಹೊಲದಿಂದ 64 ಕಿಲೋಗ್ರಾಂ ಸಾರಜನಕವು ಹೊರಟುಹೋಗುತ್ತದೆ. 45 ಕಿಲೋ ತೂಕದ ಯೂರಿಯಾ ಚೀಲಗಳು ಮೂರಕ್ಕೂ ಮೀರಿ ಬೇಕಾದ ಪ್ರಮಾಣವಿದು. ಎಲೆ ಕಾಂಡಗಳ ಲೆಕ್ಕ ಬೇರೆ. ಇಷ್ಟನ್ನು ಚೀಲದಿಂದಲೇ ಕೊಡಹೊರಟರೆ ಲಾಭವೆಲ್ಲಿಯದು? ಇದರಲ್ಲಿ ಅರ್ಧಕ್ಕೂ ಹೆಚ್ಚಿನದನ್ನು ಗಾಳಿಯಿಂದ ಹೀರಿ ಕೊಡತಕ್ಕ ಸೂಕ್ಷ್ಮ ಜೀವಿಗಳು ಬೇರಿನ ಗಂಟುಗಳಲ್ಲಿ ವಾಸಿಸುವುವು. ಆದರೆ ಸೋಯಾ ಅವರೆಯ ಗಂಟುಜೀವಿಯು ನಮ್ಮ ಅವರೆ, ಅಲಸಂದೆ, ಉದ್ದುಗಳ ಗಂಟುಜೀವಿಯಲ್ಲ. ಹಿಂದೆ ಎಂದೂ ಈ ಬೆಳೆಯನ್ನು ಕಾಣದ ನೆಲದಲ್ಲಿ ಅದು ಇರುವುದೇ ಇಲ್ಲವೆಂದು ಭಾವಿಸಿ, ಅಣುಜೀವಿ ಗೊಬ್ಬರದ ಪೊಟ್ಟಣವನ್ನು ಕೊಳ್ಳಲೇಬೇಕು. ಅದು ಸೋಯಾ ಅವರೆಗೆಂದೇ ತಯಾರಾದುದೇ, ಅವಧಿ ಮುಗಿದಿದೆಯೇ ಎಂಬುದನ್ನು ಓದಿಕೊಳ್ಳತಕ್ಕದ್ದು. ರೋಗನಾಶಕವನ್ನು ಲೇಪಿಸುವುದಿದ್ದರೆ ಅದನ್ನು ಮೊದಲು ಮಾಡಿ, ನೆರಳಿನಲ್ಲಿ ಆರಿಸಿ, ಕೊನೆಯಲ್ಲಿ ಬೆಲ್ಲದ ತಿಳಿಪಾಕದೊಡನೆ ಅಣುಜೀವಿಯನ್ನು ಲೇಪಿಸಿ, ಅಂದೇ ಬಿತ್ತಬೇಕು. ಈ ಬೀಜವನ್ನು ಬಿಸಿಲಿನಲ್ಲಿ ಇಟ್ಟರೆ ಜೀವಿಗಳು ಸಾಯುವುವು. ಆಮೇಲೆ ಲೇಪಿಸಿದುದು ಬರಿಯ ಕರಿಪುಡಿ.

ಕೆಲಸ ಸಾರ್ಥಕವಾಯಿತೇ ಇಲ್ಲವೇ ಎಂಬುದನ್ನು ತಿಳಿಯಲು ಐದಾರು ವಾರಗಳ ಮೇಲೆ ನಾಲ್ಕಾರು ಗಿಡಗಳನ್ನು ಮಣ್ಣಿನ ಹೆಂಟೆಯೊಡನೆ ಎತ್ತಿ, ಮೆಲ್ಲನೆ ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪಾಗಿದ್ದರೆ ಜೀವಿಗಳು ದುಡಿಯುತ್ತಿರುವುವು. ಬಿಳುಪು ಅಥವಾ ಹಸುರಾಗಿದ್ದರೆ ಪ್ರಯೋಜನವಿಲ್ಲ. ಪ್ರಾರಂಭದಲ್ಲಿ ಯೂರಿಯಾವನ್ನು ಹೆಚ್ಚಾಗಿ ಸುರಿದರೆ ಗಿಡವು ಸೋಮಾರಿಯಾಗಿ ಗಂಟು ಕಟ್ಟುವುದನ್ನೇ ಬಿಡುತ್ತದೆ. ಬಡಗಣ ಜಿಲ್ಲೆಗಳ ಶಿಫಾರಸಿನಂತೆ ಎಕರೆಗೆ ಸಾರಜನಕ 16, ರಂಜಕ 32, ಪೊಟ್ಯಾಷ್ 10 ಕಿಲೋಗ್ರಾಂ ಸಾಕು. ರಂಜಕವನ್ನು ಸೂಪರ್ ಫಾಸ್ಫೇಟಿನ ರೂಪದಲ್ಲಿ ಕೊಟ್ಟರೆ ಎಣ್ಣೆಕಾಳಿಗೆ ಅವಶ್ಯವಾದ ಗಂಧಕವೂ ಜೊತೆಯಲ್ಲಿಯೇ ದೊರೆಯುವುದು.

ಕಳೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮೊದಲ ನಲವತ್ತು ದಿನ ಎಡೆಕುಂಟೆಯಿಂದಲೂ ಕೈಯಿಂದಲೂ ಹೊಲವನ್ನು ಶುದ್ಧವಾಗಿಟ್ಟರೆ ಆಮೇಲೆ ಬೆಳೆಯೇ ನೆರಳು ಮಾಡಿ ಕಳೆಯನ್ನು ಅದುಮುತ್ತದೆ. ಹೂ ಬಿಟ್ಟ ಮೇಲೆ ಕುಂಟೆ ಹೊಡೆಯತಕ್ಕದ್ದಲ್ಲ. ಹೂವು ಕಾಯಿಯಾಗಿ ಕಾಳು ತುಂಬುವ ಮೂರು ನಾಲ್ಕು ವಾರಗಳಲ್ಲಿ ನೆಲದಲ್ಲಿ ತೇವವಿರಲೇಬೇಕು. ಆಗಿನ ಒಂದು ನೀರು ಮುಂಚಿನ ಮೂರು ನೀರಿಗೆ ಸಮ.

ರೋಗಗಳಲ್ಲಿ ತುಕ್ಕು ರೋಗವನ್ನು ಹೆಸರಿಸದೆ ಇರುವಂತಿಲ್ಲ. 1990ರ ದಶಕದಲ್ಲಿ ಇದು ಬಡಗಣ ಜಿಲ್ಲೆಗಳಲ್ಲಿ ಕಾಣಿಸಿಕೊಂಡು ಬೆಳೆಗಾರರನ್ನು ಕಂಗೆಡಿಸಿತು. ಎಲೆಯ ಅಡಿಯಲ್ಲಿ ಕಂದು ಗುಳ್ಳೆಗಳೆದ್ದು, ಕೆಳಗಿನ ಎಲೆಗಳಿಂದ ಆರಂಭವಾಗಿ ಇಡೀ ಗಿಡವು ಅಕಾಲದಲ್ಲಿ ಎಲೆಯುದುರಿಸುತ್ತದೆ. ಕಾಳು ತುಂಬುವುದಕ್ಕೆ ಎಲೆಯಿಲ್ಲದಿದ್ದರೆ ಗೊಬ್ಬರವಿದ್ದೇನು ಫಲ? ಜಬ್ಬಲ್‌ಪುರದಿಂದ ಬಂದು ದೇಶದಲ್ಲೆಲ್ಲ ಹರಡಿದ ಜೆ.ಎಸ್. 335 ಎಂಬ ತಳಿಯು ಒಳ್ಳೆಯ ಫಲ ಕೊಡತಕ್ಕದ್ದಾದರೂ ತುಕ್ಕಿಗೆ ಸುಲಭವಾಗಿ ತುತ್ತಾಗುವುದು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ಡಿ.ಎಸ್.ಬಿ. 21 ತಳಿಯು ಇದನ್ನು ತಡೆಯಬಲ್ಲುದು. ಬೇರೆ ತಳಿಯನ್ನು ಬಿತ್ತಿದವರು ಮೊದಲ ಗುಳ್ಳೆ ಕಂಡೊಡನೆ ಲೀಟರು ನೀರಿಗೆ 1 ಮಿಲಿಲೀಟರಿನಂತೆ ಹೆಕ್ಸಾಕೋನಜೋಲ್ ಬೆರೆಸಿ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಬೇಕು. ತೇವವೂ ತಂಪೂ ಮೋಡವೂ ಈ ರೋಗದ ಮಿತ್ರರು.

ಇವು ಮೂರೂ ಮಲೆನಾಡಿನಲ್ಲಿ ಧಾರಾಳವಾಗಿರುವುದರಿಂದಲೇ ನಮ್ಮ ರೈತರು ಎಚ್ಚರದಿಂದಿರಬೇಕು. ಆಗುಂಬೆಯು ಇದೇ ತೀರ್ಥಹಳ್ಳಿ ತಾಲ್ಲೂಕಿನದು. ಅಲ್ಲಿಯ ವಾರ್ಷಿಕ ಮಳೆಯು 7,000 ಮಿಲಿಮೀಟರನ್ನು ಮೀರುವುದು. ಕವಲೇದುರ್ಗ, ನಗರ, ಹುಲಿಕಲ್ಲುಗಳ ಕಡೆಯಲ್ಲಿ ಜುಲೈ ತಿಂಗಳಿನಲ್ಲಿ ಸೂರ್ಯದರ್ಶನವೇ ದುರ್ಲಭ. ನೀರು ನಿಂತ ನೆಲದಲ್ಲಿ ಬೇರುಗಂಟಿನ ಜೀವಿಗಳಿಗೆ ಉಸಿರು ಕಟ್ಟುತ್ತದೆ. ಕಾಯಿ ಬಲಿಯುವ ಸೆಪ್ಟೆಂಬರಿನಲ್ಲಿಯೂ ಮಳೆ ಬಿಡದೆ ಕಾಳು ಕಾಯಿಯೊಳಗೇ ಬೂಸಲು ಹಿಡಿಯುತ್ತದೆ. ಆದುದರಿಂದ ಮುಂಗಾರಿನಲ್ಲಿ ಮಕ್ಕಿಗದ್ದೆಯಲ್ಲಾಗಲಿ ಹಕ್ಕಲಿನಲ್ಲಾಗಲಿ ಈ ಬೆಳೆಯನ್ನು ಹಾಕುವಂತೆ ನಾನು ಯಾರಿಗೂ ಹೇಳಲಾರೆನು. ಭತ್ತದ ಸ್ಥಾನವನ್ನು ಇದು ತುಂಬಲಾರದು.

ಭತ್ತದ ಕೊಯ್ಲಾದ ಮೇಲೆ, ಜನವರಿಯಲ್ಲಿ, ಹಳ್ಳದ ನೀರು ಏಪ್ರಿಲಿನವರೆಗೆ ದೊರೆಯುವ ಗದ್ದೆಗಳ ಮಾತು ಬೇರೆ. ಬಡಗಣ ಸೀಮೆಯಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಬೀಜೋತ್ಪಾದನೆಗೋಸ್ಕರ ಬೇಸಿಗೆಯಲ್ಲಿ ನೀರು ಕೊಟ್ಟು ಸೋಯಾ ಅವರೆಯನ್ನು ಬೆಳೆಯುವವರುಂಟು. ಆದರೆ ನಮ್ಮಲ್ಲಿ ಎರಡು ತೊಡಕುಗಳಿರುವುವು. ಮೊದಲನೆಯದಾಗಿ, ಇದು ಹಗಲಿನ ಉದ್ದವನ್ನು ಅರಿಯತಕ್ಕ ಗಿಡ. ಹಗಲು ಚಿಕ್ಕದಾಗಿರುವಾಗ ಬಿತ್ತಿದರೆ ಕುಳ್ಳಾಗಿಯೇ ಉಳಿದು ಬೇಗನೆ ಹೂ ಬಿಡುತ್ತದೆ. ಗಿಡ ಸಣ್ಣದಾದಷ್ಟೂ ಸಂಖ್ಯೆ ಹೆಚ್ಚಿರಬೇಕಾದುದರಿಂದ ಸಾಲುಗಳನ್ನು ಮುಕ್ಕಾಲು ಅಡಿಗೆ ಹತ್ತಿರ ಮಾಡಬೇಕು. ಎರಡನೆಯದಾಗಿ, ಅತಿಮಳೆಯಿಂದ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ನಮ್ಮ ಕೆಂಪು ಜಂಬಿಟ್ಟಿಗೆಯ ಮಣ್ಣು ಹುಳಿಯಾಗಿದೆ. ಇಂತಹ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಮ್ಮೂ ಹಿಡಿದುಕೊಂಡು ಗಿಡಕ್ಕೆ ಸಿಗಗೊಡುವುದಿಲ್ಲ. ಗಂಟುಜೀವಿಗಳೂ ಚೆನ್ನಾಗಿ ಬಾಳವು. ಪೊಟ್ಟಣಕ್ಕೆ ಹಣ ಕೊಟ್ಟು ಸುಣ್ಣಕ್ಕೆ ಕೊಡದವನು ಎರಡನ್ನೂ ಕಳೆದುಕೊಳ್ಳುವನು. ಭತ್ತ ಕುಯ್ದೊಡನೆ ಮಣ್ಣಿನ ಪರೀಕ್ಷೆ ಮಾಡಿಸಿ, ಅದರ ಲೆಕ್ಕದಂತೆ ಪುಡಿಸುಣ್ಣವನ್ನು ಬಿತ್ತನೆಗೆ ಮೂರು ವಾರ ಮುಂಚೆ ಉಳುಮೆಯಲ್ಲಿ ಬೆರೆಸತಕ್ಕದ್ದು. ಭತ್ತಕ್ಕಾಗಿ ಕೆಸರು ತುಳಿದ ಗದ್ದೆಯು ಒಣಗಿದಾಗ ಕಲ್ಲಿನಂತಾಗುವುದರಿಂದ, ಹದವಿರುವಾಗಲೇ ಉತ್ತು ಹೆಂಟೆ ಒಡೆದು, ಆರಾರು ಅಡಿಗೆ ಒಂದರಂತೆ ಬಸಿಗಾಲುವೆ ತೆಗೆಯಬೇಕು.

ಕೊಯ್ಲಿನಲ್ಲಿ ತಡಮಾಡಿದರೆ ಕಾಯಿ ಸಿಡಿಯುತ್ತದೆ. ಏಪ್ರಿಲಿನ ಅಡ್ಡಮಳೆಯೂ ಬೀಳಬಹುದು. ಎಲೆಗಳು ಹಳದಿಯಾಗಿ ಉದುರಿ ಕಾಯಿ ಕಂದಾದೊಡನೆ ಕುಯ್ದು, ಕೋಲಿನಿಂದ ಹಗುರವಾಗಿ ಬಡಿದು, ಕಾಳನ್ನು ಹಲ್ಲಿನಿಂದ ಕಡಿದರೆ ಕಟ್ಟೆಂದು ಒಡೆಯುವವರೆಗೆ ಒಣಗಿಸಬೇಕು. ಅಡಕೆಯಂತೆ ಇದನ್ನು ಅಟ್ಟದ ಮೇಲೆ ಒಂದು ಮಳೆಗಾಲ ಕಳೆಯಿಸಿ ಮುಂದಿನ ವರ್ಷಕ್ಕೆ ಬೀಜವೆಂದು ನೆಚ್ಚುವುದು ಮಲೆನಾಡಿನ ತೇವದಲ್ಲಿ ಆಗದ ಮಾತು. ಬೀಜವನ್ನು ಒಣಸೀಮೆಯಿಂದ ಪ್ರತಿ ವರ್ಷ ತರಿಸಬೇಕಾಗುವುದು. ಆ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮೂರು ಎಕರೆಗೆ ಬೀಜ ಕೇಳಿದ ರೈತರಿಗೆ ನಾನು 625 ಗ್ರಾಂ ಬೀಜ ಕೊಡಿಸುವುದಾಗಿ ಹೇಳಿದಾಗ ಅವರು ನಕ್ಕರು. ಅದು ಒಂದು ಗುಂಟೆಯ ಪಾಲು. ಗುಂಟೆಯ ಅರ್ಧಕ್ಕೆ ಸುಣ್ಣ ಹಾಕಿ, ಅರ್ಧವನ್ನು ಹಾಗೆಯೇ ಬಿಡತಕ್ಕದ್ದು. ಉಳಿದುದೆಲ್ಲ ಎರಡಕ್ಕೂ ಒಂದೇ. ಬೀಜ, ಸುಣ್ಣ, ಗೊಬ್ಬರ, ಆಳುಗಳ ಕೂಲಿ ಇವನ್ನು ದಿನದಿನವೂ ಮಗನ ಕೈಯಲ್ಲಿ ಬರೆಯಿಸತಕ್ಕದ್ದು. ನಲವತ್ತನೆಯ ದಿನ ಎರಡೂ ಕಡೆಯ ಬೇರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನಗೆ ತೋರಿಸತಕ್ಕದ್ದು. ಒಣಗಿದ ಕಾಳನ್ನು ಬೇರೆಬೇರೆಯಾಗಿ ತೂಗಬೇಕು. ಅರ್ಧ ಗುಂಟೆಗೆ 5 ಕಿಲೋ ಬಂದರೆ ಎಕರೆಗೆ 4 ಕ್ವಿಂಟಾಲು, ಅಂದರೆ ದೇಶದ ಸರಾಸರಿ. ಅದಕ್ಕೂ ಕೆಳಗಿಳಿದರೆ ಆ ಗದ್ದೆಗೆ ಉದ್ದು ಅಥವಾ ಅಲಸಂದೆಯೇ ಯೋಗ್ಯವೆಂದು ತಿಳಿದು, ಸೋಯಾ ಅವರೆಯ ಆಸೆಯನ್ನು ಬಿಡಬಹುದು. ನಷ್ಟವಾದರೆ ಒಂದು ಗುಂಟೆಯದು ಮಾತ್ರ.

“ನಾಯಕರ ಕಾಲದ ಶಿಸ್ತನ್ನು ನನ್ನ ಗದ್ದೆಗೆ ಇಳಿಸಿದಿರಲ್ಲ, ಸ್ವಾಮಿ” ಎಂದು ಹೇಳಿ ಹೋದವರು ಮಾರನೆಯ ವಾರ ಮೇಲುಗದ್ದೆಯ ಐದು ಕಡೆಗಳಿಂದ ತೆಗೆದ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ತಂದುಕೊಟ್ಟರು. ಅದನ್ನು ಪರೀಕ್ಷೆಗೆ ಕಳುಹಿಸಿದೆ. ಸುಣ್ಣದ ಲೆಕ್ಕವು ಬಂದೊಡನೆ ನಾವಿಬ್ಬರೂ ಸರಪಣಿ ಹಿಡಿದು ಆ ಗುಂಟೆಯನ್ನು ಅಳೆಯುವುದೆಂದು ಗೊತ್ತಾಗಿದೆ.